ಬಾಗಿಲ ಬಳಿ ಅರ್ಧ ನಿಮಿಷ: ಕೊಡಗಿನ ಬಸ್ಸುಗಳ ಹೊಣೆ ಹೊತ್ತವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಕೊಡಗು ಜಿಲ್ಲೆಯಲ್ಲಿ ಬಸ್ಸುಗಳ ಸಂಚಾರ, ನಿಲ್ದಾಣಗಳ ನಿರ್ವಹಣೆ ಮತ್ತು ಸಿಬ್ಬಂದಿಯ ಮೇಲ್ವಿಚಾರಣೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಖಾಸಗಿ ಬಸ್ಸುಗಳ ಮಾಲೀಕರಿಗೆ ಹಾಗೂ ನಮ್ಮ ಜನಪ್ರತಿನಿಧಿಗಳಿಗೆ,

ವಿಷಯ: ಎಳೆ ಮಗು ಮತ್ತು ಮಗುವಿನ ಗಾಡಿಯೊಂದಿಗೆ ಬಸ್ಸಿನಲ್ಲಿ ಪ್ರಯಾಣಿಸುವ ತಾಯಂದಿರ ಕಷ್ಟದ ಬಗ್ಗೆ.

ಮಾನ್ಯರೇ,

ನಾನು ಮೂರ್ನಾಡಿನ ಆಚೆ, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಕಾಫಿ ತೋಟವೊಂದರ ಕ್ವಾರ್ಟರ್ಸ್‌ನಲ್ಲಿ ವಾಸವಾಗಿದ್ದೇನೆ. ನಮ್ಮ ಮನೆಯವರು ಅದೇ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದಾರೆ. ನಾನು ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ, ಮಗಳು ಹುಟ್ಟಿದ ಮೇಲೆ ಇನ್ನೂ ಕೆಲಸಕ್ಕೆ ಮರಳಲು ಆಗಿಲ್ಲ. ನಮ್ಮಲ್ಲಿ ಕಾರಿಲ್ಲ, ಇರುವ ಬೈಕಿನ ಮೇಲೆ ಮಳೆ ಮಂಜಿನಲ್ಲಿ ಕೂಸನ್ನು ಕೂರಿಸಿಕೊಂಡು ಹೋಗುವ ಧೈರ್ಯವೂ ಇಲ್ಲ. ಆದ್ದರಿಂದ ಎಲ್ಲಿಗೆ ಹೋಗಬೇಕಾದರೂ ನಮಗೆ ಬಸ್ಸೇ ಗತಿ. ಈ ಪತ್ರವನ್ನು ಬರೆಯಬೇಕೆಂದು ಹತ್ತು ತಿಂಗಳಿನಿಂದ ಅಂದುಕೊಳ್ಳುತ್ತಲೇ ಇದ್ದೆ. ಮೊದಮೊದಲು ಕೋಪದಲ್ಲಿ ಬರೆದದ್ದನ್ನೆಲ್ಲ ಹರಿದುಹಾಕಿ, ಈಗ ಮನಸ್ಸು ತಿಳಿಯಾದ ಮೇಲೆ ಬರೆಯುತ್ತಿದ್ದೇನೆ.

ನನ್ನ ಮಗಳು ಕಳೆದ ವರ್ಷ ಫೆಬ್ರವರಿಯಲ್ಲಿ ಹುಟ್ಟಿದಳು. ಹುಟ್ಟುವಾಗಲೇ ಅವಳ ಎರಡೂ ಪಾದಗಳು ಒಳಮುಖವಾಗಿ ತಿರುಗಿಕೊಂಡಿದ್ದವು. ವೈದ್ಯರು ಇದನ್ನು ಕ್ಲಬ್‌ಫುಟ್ ಎನ್ನುತ್ತಾರೆ. ಇದು ವಾಸಿಯಾಗುವ ತೊಂದರೆ, ಹೆದರಬೇಡಿ ಎಂದು ಮೊದಲ ದಿನವೇ ಅವರು ಹೇಳಿದರು, ಮತ್ತು ಹೇಳಿದಂತೆಯೇ ಆಯಿತು. ವಾರಕ್ಕೊಮ್ಮೆ ಹಳೆಯ ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ಸರಿದಿಕ್ಕಿಗೆ ತಿರುಗಿಸಿ, ಹೊಸ ಪ್ಲಾಸ್ಟರ್ ಹಾಕುತ್ತ ಹೋಗುವ ಪೊನ್ಸೆಟಿ ಎಂಬ ವಿಧಾನ ಅದು. ಐದಾರು ಪ್ಲಾಸ್ಟರ್ ಆದ ಮೇಲೆ ಹಿಮ್ಮಡಿಯ ಹಿಂದೆ ಬಿಗಿದುಕೊಂಡಿದ್ದ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು ಸಣ್ಣದಾಗಿ ಕೊಯ್ದು ಸಡಿಲಿಸಿದರು, ಮೂರು ವಾರ ಕೊನೆಯ ಪ್ಲಾಸ್ಟರ್ ಇತ್ತು. ಅದರ ನಂತರ ಬೂಟುಗಳು ಬಂದವು. ಎರಡು ಪುಟ್ಟ ಬೂಟುಗಳು, ಅವುಗಳ ನಡುವೆ ಒಂದು ಲೋಹದ ಪಟ್ಟಿ. ಮೊದಲ ಮೂರು ತಿಂಗಳು ಅದನ್ನು ದಿನಕ್ಕೆ 23 ಗಂಟೆ ಹಾಕಿಯೇ ಇರಬೇಕು, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವ ಹೊತ್ತಿನಲ್ಲಿ. ಬೂಟು ಹಾಕುವುದನ್ನು ಬಿಟ್ಟರೆ ಸರಿಯಾದ ಪಾದ ಮತ್ತೆ ಹಳೆಯ ದಿಕ್ಕಿಗೇ ತಿರುಗುತ್ತದೆ ಎಂದು ವೈದ್ಯರು ನಮಗೆ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು.

23 ಗಂಟೆ ಎಂದರೆ ಉಳಿಯುವುದು ಒಂದು ಗಂಟೆ ಮಾತ್ರ, ಅದು ಸ್ನಾನಕ್ಕೆ ಮತ್ತು ಕಾಲಿನ ವ್ಯಾಯಾಮಕ್ಕೆ. ಮನೆಯಿಂದ ಮೈಸೂರಿನ ಆಸ್ಪತ್ರೆಗೆ ಹೋಗಲು ಬಸ್ಸು ಬದಲಿಸುವುದೂ ಸೇರಿ ನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಪಕ್ಕದಲ್ಲಿ ಕೂತ ಹಿರಿಯರು ಕನಿಕರದಿಂದಲೇ, "ಬಸ್ಸಲ್ಲಿ ಇರುವಷ್ಟು ಹೊತ್ತು ಅದನ್ನು ಬಿಚ್ಚಿಡಮ್ಮ, ಪಾಪ" ಎನ್ನುತ್ತಿದ್ದರು. ಬಿಚ್ಚುವಂತಿರಲಿಲ್ಲ. ಆ ಪಟ್ಟಿ ಹಾಕಿರುವ ಮಗುವನ್ನು ನಾವು ಸಾಮಾನ್ಯವಾಗಿ ಎತ್ತಿಕೊಳ್ಳುವಂತೆ ಸೊಂಟದ ಮೇಲೆ ಕೂರಿಸಿಕೊಳ್ಳಲು ಆಗುವುದಿಲ್ಲ. ಕಾಲುಗಳು ಸೊಂಟದ ಎರಡೂ ಬದಿಗೆ ಇಳಿಯುವುದಿಲ್ಲ, ಪಟ್ಟಿ ಪಕ್ಕೆಗೆ ಒತ್ತುತ್ತದೆ, ಮಗು ಕಾಲು ಝಾಡಿಸಿದಾಗಲೆಲ್ಲ ಎರಡೂ ಬೂಟು ಒಟ್ಟಿಗೇ ಎದ್ದು ಬಂದು ಎದುರಿನವರಿಗೆ ಬಡಿಯುತ್ತವೆ. ಎರಡೂ ತೋಳಿನ ಮೇಲೆ ಅಡ್ಡಲಾಗಿ ಮಲಗಿಸಿಕೊಂಡೇ ಎತ್ತಬೇಕು. ಸಿಸೇರಿಯನ್ ಆದ ಹೊಟ್ಟೆ, ಹೆಗಲಿಗೆ ಬಟ್ಟೆ, ಬಿಸಿನೀರು ಮತ್ತು ಆಸ್ಪತ್ರೆಯ ಕಾಗದಗಳ ಬ್ಯಾಗು, ಜೊತೆಗೆ ಈ ಮಗು. ಇದನ್ನೆಲ್ಲ ನೋಡಿ ಬೆಂಗಳೂರಿನಲ್ಲಿರುವ ನನ್ನ ಅತ್ತಿಗೆ ತಮ್ಮ ಮಗ ಬಳಸಿ ಬಿಟ್ಟಿದ್ದ ಮಡಚುವ ಗಾಡಿಯನ್ನು ಕೊಟ್ಟು ಕಳಿಸಿದರು. ಅಂಗಡಿಗಳಲ್ಲಿ ಸ್ಟ್ರೋಲರ್ ಎನ್ನುತ್ತಾರಲ್ಲ, ಅದೇ. ಮಡಚಿದರೆ ದೊಡ್ಡ ಕೊಡೆಗಿಂತ ಸ್ವಲ್ಪ ದಪ್ಪ, ತೂಕ ಏಳು ಕಿಲೋ.

ಪ್ಲಾಸ್ಟರಿನ ದಿನಗಳಲ್ಲಿ ನಮ್ಮ ಮನೆಯವರು ಪ್ರತಿ ಸಲವೂ ಜೊತೆಗೆ ಬಂದರು. ಅವರ ರಜೆಯೆಲ್ಲ ಅದಕ್ಕೇ ಮುಗಿದು, ಮಳೆಗಾಲದ ಹೊತ್ತಿಗೆ ನಾನೊಬ್ಬಳೇ ಹೋಗಿಬರಬೇಕಾಯಿತು. ಕೆಲವು ಸಲ ಮಡಿಕೇರಿ, ಕುಶಾಲನಗರದ ದಾರಿ, ಕೆಲವು ಸಲ ವಿರಾಜಪೇಟೆ, ಗೋಣಿಕೊಪ್ಪ, ಹುಣಸೂರಿನ ದಾರಿ. ಯಾವ ದಾರಿಯಾದರೂ ಒಂದು ಕಡೆ ಬಸ್ಸು ಬದಲಿಸಲೇಬೇಕು. ಮುಂದೆ ಹೇಳುವ ಸಂಗತಿ ನಡೆದದ್ದು ಹಾಗೆ ಬದಲಿಸುವಾಗ, ಕಳೆದ ಜುಲೈ ತಿಂಗಳ ಮೊದಲ ವಾರದಲ್ಲಿ. ನಿಲ್ದಾಣ ಯಾವುದು, ಬಸ್ಸು ಯಾರದು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಏಕೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಬೆಳಿಗ್ಗೆ ಏಳೂವರೆಯ ಹೊತ್ತು. ಎರಡು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆ. ಮೈಸೂರಿನ ಬಸ್ಸು ಬಂದು ನಿಂತದ್ದು ಕಟ್ಟೆಯಿಂದ ಎರಡು ಮಾರು ದೂರದಲ್ಲಿ, ನಡುವೆ ಕೆಸರು ನೀರು ನಿಂತಿತ್ತು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಅದರ ಮೇಲೆ ಇನ್ನೆರಡು ಮೆಟ್ಟಿಲು, ಅವು ಕಡಿದಾದವು, ಒದ್ದೆ. ಕೈಗೆ ಆಸರೆಯಾಗಿ ಬಾಗಿಲಿನ ಪಕ್ಕ ಒಂದು ಕಂಬಿ. ನಾನು ಲೆಕ್ಕ ಹಾಕಿದೆ. ಮಗುವಿಗೆ ಎರಡು ಕೈ ಬೇಕು, ಗಾಡಿಗೆ ಒಂದು, ಕಂಬಿ ಹಿಡಿಯಲು ಇನ್ನೊಂದು. ಗಾಡಿಯನ್ನು ಮೊದಲು ಹತ್ತಿಸೋಣವೆಂದರೆ ಮಗುವನ್ನು ಆ ಮಳೆಯಲ್ಲಿ ಎಲ್ಲಿ ಮಲಗಿಸುವುದು? ಡಿಕ್ಕಿಯಲ್ಲಿ ಇಡಬಹುದೇ ಎಂದು ನಿರ್ವಾಹಕರನ್ನು ಕೇಳಿದೆ. "ಡಿಕ್ಕಿ ಬೀಗ ತೆಗೆಯೋಕೆ ಟೈಮಿಲ್ಲ ಅಕ್ಕ, ಬೇಗ ಬೇಗ" ಎಂದು ಅವರು ಟಿಕೆಟ್ ಕೊಡುತ್ತ ಹಿಂದಕ್ಕೆ ಹೋದರು.

ನಾನು ಗಾಡಿಯನ್ನು ಮಡಚಿ ಬಸ್ಸಿನ ಪಕ್ಕಕ್ಕೆ ಒರಗಿಸಿ, ಮಗುವನ್ನು ಎತ್ತಿಕೊಂಡು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವರ ಪಕ್ಕದ ಜಾಗದಲ್ಲಿ ಮಗಳನ್ನು ಮಲಗಿಸಿ, "ಅಜ್ಜಿ, ಒಂದು ಗಳಿಗೆ ನೋಡಿಕೊಳ್ಳಿ" ಎಂದು ಹೇಳಿ ಗಾಡಿ ತರಲು ಕೆಳಗಿಳಿದೆ. ಬಗ್ಗಿ ಗಾಡಿಯ ಹಿಡಿ ಹಿಡಿದಿದ್ದೇನೆ, ಹಿಂದಿನಿಂದ ಸೀಟಿ ಕೇಳಿಸಿತು. ಬಸ್ಸು ಹೊರಟಿತು.

ಅದು ಬಹಳ ದೂರವೇನೂ ಹೋಗಲಿಲ್ಲ. ಒಳಗಿದ್ದವರು ಕೂಗಿಕೊಂಡರು, ಅಜ್ಜಿ ಬಾನೆಟ್ ಮೇಲೆ ಕೈ ಬಡಿದರಂತೆ. ಇಪ್ಪತ್ತು ಇಪ್ಪತ್ತೈದು ಅಡಿ ಹೋಗಿ ಬಸ್ಸು ನಿಂತಿತು. ಗಾಡಿಯನ್ನು ಅಲ್ಲೇ ಬಿಟ್ಟು ನಾನು ಆ ಕೆಸರಿನಲ್ಲಿ ಬಸ್ಸಿನ ಪಕ್ಕವನ್ನು ಕೈಯಿಂದ ಬಡಿಯುತ್ತ ಓಡಿದೆ. ಬಾಗಿಲು ಹಿಡಿದು ಒಳಗೆ ನೋಡಿದರೆ, ಹಠಾತ್ತನೆ ಬ್ರೇಕ್ ಹಾಕಿದ ರಭಸಕ್ಕೆ ಮಗು ಸೀಟಿನ ಅಂಚಿನವರೆಗೆ ಜಾರಿ ಬಂದಿತ್ತು. ಅಜ್ಜಿ ಆ ಲೋಹದ ಪಟ್ಟಿಯನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದು ಅವಳನ್ನು ತಡೆದಿದ್ದರು. ಅವರ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಮಗು ಅಳಲಿಲ್ಲ. ಅಳುತ್ತಿದ್ದವಳು ನಾನು. ತೋಟದ ಕೆಲಸಕ್ಕೆ ಬಂದಿದ್ದ, ನನ್ನ ಭಾಷೆ ಬಾರದ ಒಬ್ಬ ಹುಡುಗಿ ಮಳೆಯಲ್ಲಿ ಓಡಿ ಹೋಗಿ ನನ್ನ ಗಾಡಿಯನ್ನು ತಂದುಕೊಟ್ಟಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ.

ನಿರ್ವಾಹಕರು ಹಿಂದಿನಿಂದ ಬಂದು, "ಇಳೀತೀನಿ ಅಂತ ಹೇಳ್ಬೇಕು ತಾನೇ" ಎಂದರು. ಅವರ ಮುಖವೂ ಬಿಳುಚಿಕೊಂಡಿತ್ತು. ಮೈಸೂರಿನಲ್ಲಿ ನಾನು ಇಳಿಯುವಾಗ ಅವರೇ ಗಾಡಿಯನ್ನು ಕೆಳಗಿಳಿಸಿ, ಅದನ್ನು ಬಿಡಿಸುವುದು ಹೇಗೆಂದು ಕೇಳಿ ಬಿಡಿಸಿಕೊಟ್ಟರು. ಬಸ್ಸಿನ ಸಂಖ್ಯೆ, ದಿನ, ಹೊತ್ತು ಎಲ್ಲವೂ ನನ್ನ ಬಳಿ ಇವೆ. ಆದರೂ ಅವರ ಮೇಲೆ ಕ್ರಮ ಕೈಗೊಳ್ಳಿರೆಂದು ನಾನು ಕೇಳುತ್ತಿಲ್ಲ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೊಟ್ಟು ಮುಗಿಸಬೇಕು, ತಿರುವಿನ ದಾರಿಯಲ್ಲಿ ಮಂಜು ಮುಸುಕಿದ್ದರೂ ಸಮಯಕ್ಕೆ ತಲುಪಬೇಕು, ಬಾಗಿಲಿನಲ್ಲಿ ಯಾರು ಹತ್ತುತ್ತಿದ್ದಾರೆ, ಯಾರು ಇಳಿದರು ಎಂದು ಹಿಂದಿನ ಸಾಲಿನಲ್ಲಿ ನಿಂತೇ ಊಹಿಸಿ ಸೀಟಿ ಹೊಡೆಯಬೇಕು. ಹೀಗೆ ಕೆಲಸ ಮಾಡಿಸಿಕೊಳ್ಳುವ ಪದ್ಧತಿಯಲ್ಲಿ ಇವತ್ತು ಆ ನಿರ್ವಾಹಕರಿಂದ ಆದದ್ದು ನಾಳೆ ಇನ್ನೊಬ್ಬರಿಂದ ಆಗುತ್ತದೆ. ಒಬ್ಬರನ್ನು ಅಮಾನತು ಮಾಡಿ ಕಡತ ಮುಚ್ಚಿಬಿಟ್ಟರೆ ನನ್ನ ದೂರು ಅಲ್ಲಿಗೆ ಸತ್ತಂತೆ. ಹೆಸರು ಬರೆಯದಿರುವುದಕ್ಕೆ ಕಾರಣ ಇದೇ.

ಅದಾದ ಮೇಲಿನ ಪ್ರಯಾಣಗಳಲ್ಲಿ ನನಗೆ ಬಗೆಬಗೆಯ ಅನುಭವಗಳಾಗಿವೆ. ಒಂದು ಬಸ್ಸಿನಲ್ಲಿ ಗಾಡಿಗೆ ಲಗೇಜ್ ಟಿಕೆಟ್ ಮಾಡಿದರು. ಇನ್ನೊಂದರಲ್ಲಿ, ಅದೂ ಸಂತೆಯ ದಿನ ಶುಕ್ರವಾರ, ಗಾಡಿ ಇದ್ದರೆ ಹತ್ತಲೇಬೇಡಿ ಎಂದರು. ಮತ್ತೊಂದರಲ್ಲಿ ಚಾಲಕರು ತಾವೇ ಇಳಿದು ಬಂದು ಗಾಡಿಯನ್ನು ತಮ್ಮ ಸೀಟಿನ ಹಿಂದೆ ನಿಲ್ಲಿಸಿ ಹಗ್ಗ ಕಟ್ಟಿಕೊಟ್ಟರು. ಒಂದೇ ಗಾಡಿ, ಒಂದೇ ಮಗು, ಒಂದೇ ದಾರಿ. ಪ್ರತಿ ಸಲವೂ ನಿಯಮ ಬೇರೆ. ಬರೆದಿಟ್ಟ ನಿಯಮ ಯಾರ ಕೈಯಲ್ಲೂ ಇಲ್ಲದಿರುವಾಗ ಎಲ್ಲವೂ ಆಯಾ ಮನುಷ್ಯರ ಒಳ್ಳೆಯತನದ ಮೇಲೆ ನಿಲ್ಲುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಗುವನ್ನು ಹೊರಡಿಸುವ ತಾಯಿಗೆ ಇವತ್ತು ಯಾರು ಸಿಗುತ್ತಾರೋ ಎಂಬ ಆತಂಕ ಬೇರೆ ಇರಬಾರದು.

"ನಮ್ಮ ಕಾಲದಲ್ಲಿ ನಾಲ್ಕು ಮಕ್ಕಳನ್ನು ಎತ್ತಿಕೊಂಡೇ ಓಡಾಡಲಿಲ್ಲವೇ, ಗಾಡಿ ಯಾಕೆ?" ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಕೇಳಿದವರಲ್ಲಿ ನನಗೆ ತುಂಬ ಬೇಕಾದವರೂ ಇದ್ದಾರೆ, ಹಾಗಾಗಿ ಗೌರವದಿಂದಲೇ ಉತ್ತರಿಸುತ್ತೇನೆ. ಎತ್ತಿಕೊಂಡು ಓಡಾಡಿದ್ದು ನಿಜ. ಆದರೆ ಆಗ ಮನೆ ತುಂಬ ಜನರಿದ್ದರು, ಪಟ್ಟಣಕ್ಕೆ ಹೊರಟ ಬಾಣಂತಿಯ ಜೊತೆಗೆ ಅತ್ತೆಯೋ ನಾದಿನಿಯೋ ಹೊರಡುತ್ತಿದ್ದರು. ಇವತ್ತು ತೋಟದ ಕ್ವಾರ್ಟರ್ಸ್‌ನಲ್ಲಿ, ಪಟ್ಟಣದ ಬಾಡಿಗೆ ಮನೆಗಳಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಗಂಡ ಕೆಲಸಕ್ಕೆ ಹೋದರೆ ಹೆಂಡತಿ ಒಬ್ಬಳೇ. ತೋಟದ ಕೂಲಿಕಾರರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿರುವ ಹೊರರಾಜ್ಯದ ತಾಯಂದಿರ ಪಾಡಂತೂ ನನಗಿಂತ ಕಷ್ಟದ್ದು. ಅವರು ಮಗುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ, ಅವರ ಬಳಿ ಗಾಡಿಯಿಲ್ಲ ಎಂಬ ಕಾರಣಕ್ಕೆ ಅವರಿಗೆ ಕಷ್ಟವಿಲ್ಲ ಎಂದು ತಿಳಿಯಬಾರದು. ಬೆನ್ನಿನ ಮಗುವಿನ ತಲೆ ಬಾಗಿಲಿನ ಚೌಕಟ್ಟಿಗೆ ತಾಗುವುದನ್ನು, ಕೂರಲು ಜಾಗವಿಲ್ಲದೆ ತಿರುವು ತಿರುವಿನಲ್ಲೂ ಅವರು ಓಲಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವು ಹತ್ತಿ ಕೂರುವವರೆಗೆ ಬಸ್ಸು ಕಾಯಲಿ ಎಂದು ನಾನು ಕೇಳುತ್ತಿರುವ ಅರ್ಧ ನಿಮಿಷ ಅವರಿಗೂ ಬೇಕು.

ಇದು ಕೆಲವೇ ಜನರ ಕಷ್ಟವೆಂದು ದಯವಿಟ್ಟು ಪಕ್ಕಕ್ಕಿಡಬೇಡಿ. ಕೊಡಗಿನಲ್ಲಿ ರೈಲಿಲ್ಲ. 2011ರ ಜನಗಣತಿಯಂತೆ ಸುಮಾರು ಐದೂವರೆ ಲಕ್ಷ ಜನರಿರುವ, 1000 ಗಂಡಸರಿಗೆ 1019 ಹೆಂಗಸರಿರುವ ಈ ಜಿಲ್ಲೆಯಲ್ಲಿ ಸ್ವಂತ ವಾಹನವಿಲ್ಲದವರಿಗೆ ಬಸ್ಸು ಬಿಟ್ಟರೆ ಆಟೋ ಅಥವಾ ಜೀಪು. ಅವುಗಳ ಬಾಡಿಗೆ ಕೊಟ್ಟು ತಿಂಗಳಿಗೆರಡು ಸಲ ದೂರ ಹೋಗುವುದು ನಮ್ಮಂಥವರಿಂದ ಆಗದು. ಹುಟ್ಟಿದ ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ, ಆಮೇಲೆ ಒಂಬತ್ತು ತಿಂಗಳಲ್ಲಿ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಲಸಿಕೆ ಹಾಕಿಸಬೇಕು. ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡಿನಲ್ಲಿ ದಿನ ಬರೆದುಕೊಟ್ಟು, ಮರೆಯಬೇಡಿ ಎಂದು ಫೋನು ಮಾಡುತ್ತಾರೆ. ಹುಟ್ಟಿನಿಂದ ಬಂದ ತೊಂದರೆಗಳನ್ನು ಬೇಗ ಗುರುತಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆದಿದೆ, ಕ್ಲಬ್‌ಫುಟ್ ಕೂಡ ಅದರ ಪಟ್ಟಿಯಲ್ಲಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮಂಥ ಹೆಂಗಸರಿಗೆ ಆಗಿರುವ ಉಪಕಾರವನ್ನು ನಾನು ಮನಸಾರೆ ನೆನೆಯುತ್ತೇನೆ. ಆ ಶೂನ್ಯ ಟಿಕೆಟ್ ಇಲ್ಲದಿದ್ದರೆ ನನ್ನ ಮಗಳ ಕೆಲವು ತಪಾಸಣೆಗಳು ತಪ್ಪಿಹೋಗುತ್ತಿದ್ದವು. ಚಿಕಿತ್ಸೆಯೂ ಉಚಿತ, ಪ್ರಯಾಣವೂ ಉಚಿತ ಎಂದಾದ ಮೇಲೆ, ಮೊಣಕಾಲೆತ್ತರದ ಒಂದು ಮೆಟ್ಟಿಲಿನಲ್ಲಿ ಇವೆಲ್ಲ ಬಂದು ನಿಂತುಬಿಡುವುದು ಸರಿಯೇ?

ನಿಲ್ದಾಣಗಳ ಬಗ್ಗೆಯೂ ಹೇಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಅಡ್ಡಡ್ಡಲಾಗಿ ಹೊಡೆಯುತ್ತದೆ. ಹಳ್ಳಿಯ ತಂಗುದಾಣಗಳಿಗೆ ಮಾಡು ಇದೆ, ಪಕ್ಕದ ಗೋಡೆಯಿಲ್ಲ, ಇದ್ದರೂ ಗಾಳಿ ಬರುವ ಕಡೆ ಇಲ್ಲ. ನಾನು ಕೊಡೆಯನ್ನು ಮಗುವಿನ ಮೇಲೆ ಹಿಡಿದು ಬೆನ್ನು ನೆನೆಸಿಕೊಂಡು ಕಾಯುತ್ತೇನೆ. ದೊಡ್ಡ ನಿಲ್ದಾಣಗಳಲ್ಲಿ ಕಟ್ಟೆಯಿಂದ ಅಂಗಳಕ್ಕೆ ಇಳಿಯಲು ಇಳಿಜಾರು ಇಲ್ಲ, ಇರುವ ಕಡೆ ಅದರ ಬುಡದಲ್ಲೇ ಬೈಕು ನಿಲ್ಲಿಸಿರುತ್ತಾರೆ. ಒಂದು ಕಡೆ ಮಗುವಿಗೆ ಹಾಲೂಡಿಸುವ ಕೊಠಡಿ ಎಂಬ ಫಲಕವಿತ್ತು, ಬಾಗಿಲಿಗೆ ಬೀಗ. ಬೀಗದ ಕೈ ಯಾರ ಬಳಿ ಎಂದು ಕೇಳುತ್ತ ಹೋದೆ, ಮೂರು ಜನ ಮೂರು ಹೆಸರು ಹೇಳಿದರು. ಅಷ್ಟರಲ್ಲಿ ಬಸ್ಸು ಬಂತು. ಹಾಲೂಡಿಸಿದ್ದು ಬಸ್ಸಿನ ಕಿಟಕಿಗೆ ಬೆನ್ನು ಮಾಡಿ, ಸೆರಗು ಹೊದ್ದು.

ಮೈಸೂರಿನಲ್ಲಿ ಒಂದು ದಿನ ನಗರ ಸಾರಿಗೆಯ ಲೋ ಫ್ಲೋರ್ ಬಸ್ಸು ಸಿಕ್ಕಿತು. ಅಗಲವಾದ ಬಾಗಿಲು, ಒಂದೇ ಒಂದು ಮೆಟ್ಟಿಲು, ಒಳಗೆ ಸಮತಟ್ಟಾದ ನೆಲ. ಗಾಡಿಯನ್ನು ಮಡಚಲೇ ಇಲ್ಲ, ಮುಂದಿನ ಚಕ್ರ ಎತ್ತಿ ಇಟ್ಟೆ, ಹಿಂದಿನದನ್ನು ನೂಕಿದೆ, ಅಷ್ಟೇ. ಮಗಳು ಎಚ್ಚರವಾಗಲೂ ಇಲ್ಲ. ಬೆಂಗಳೂರಿನಲ್ಲಿ ಇಂಥ ಬಸ್ಸುಗಳು 2006ರಷ್ಟು ಹಿಂದೆಯೇ ಬಂದಿವೆ, ಅಲ್ಲಿಯ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್‌ಗಳಿವೆ. ಹಾಗೆಂದು ಭಾಗಮಂಡಲದ ದಾರಿಗೆ, ಸೋಮವಾರಪೇಟೆಯ ಒಳರಸ್ತೆಗಳಿಗೆ ಲೋ ಫ್ಲೋರ್ ಬಸ್ಸು ಬಿಡಿ ಎಂದು ನಾನು ಕೇಳುವುದಿಲ್ಲ. ಒಳನೆಲ ರಸ್ತೆಯಿಂದ 40 ಸೆಂಟಿಮೀಟರ್ ಮಾತ್ರ ಮೇಲಿರುವ ಬಸ್ಸು ನಮ್ಮ ಏರುತಿರುವುಗಳಲ್ಲಿ, ಮಳೆಗೆ ಕಿತ್ತುಹೋದ ರಸ್ತೆಗಳಲ್ಲಿ ತಳ ತಾಗಿಸಿಕೊಂಡು ನಿಲ್ಲುತ್ತದೆ ಎಂಬುದು ಇಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತು. ಬೆಟ್ಟದ ಬಸ್ಸು ಎತ್ತರವಾಗಿಯೇ ಇರಬೇಕಾಗುತ್ತದೆ. ಎತ್ತರದ ಬಸ್ಸಿಗೆ ಹತ್ತಿಸಿಕೊಳ್ಳುವ ಕ್ರಮವನ್ನಾದರೂ ನಾವು ಬದಲಿಸಬಹುದಲ್ಲ.

ಕಾನೂನು ಎಲ್ಲಿಯವರೆಗೆ ನಮ್ಮ ಜೊತೆಗಿದೆ ಎಂದು ನನ್ನ ಅಳವಿಗೆ ಸಿಕ್ಕಷ್ಟು ಓದಿದ್ದೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೆಯ ಕಲಂ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳೆಲ್ಲವೂ ಅಂಗವಿಕಲರು ಬಳಸಲು ಆಗುವಂತೆ ಇರಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತುರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯಗಳ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ತೀರ್ಪು ಕೊಟ್ಟಿದೆ. ಈ ಕಾಯ್ದೆ ಇರುವುದು ಅಂಗವಿಕಲರಿಗಾಗಿ, ಮಗುವಿನ ಗಾಡಿಗಾಗಿ ಅಲ್ಲ. ಅದನ್ನು ನನ್ನದೆಂದು ನಾನು ಹೇಳಿಕೊಳ್ಳುವುದಿಲ್ಲ. ಆದರೆ ಗಾಲಿಕುರ್ಚಿಗೆಂದು ಕಟ್ಟೆಗೆ ಒಂದು ಇಳಿಜಾರು ಮಾಡಿದರೆ ಅದೇ ಇಳಿಜಾರಿನಲ್ಲಿ ನನ್ನ ಗಾಡಿಯೂ ಇಳಿಯುತ್ತದೆ, ಮಂಡಿನೋವಿನ ಅಜ್ಜನೂ ಇಳಿಯುತ್ತಾರೆ, ಗೊಬ್ಬರದ ಚೀಲ ತಂದವರೂ ಇಳಿಯುತ್ತಾರೆ. ಕಾನೂನಿನಂತೆ ಹೇಗೂ ಮಾಡಲೇಬೇಕಾದ ಕೆಲಸವನ್ನು ಬೇಗ ಮಾಡಿ ಎಂದಷ್ಟೇ ನನ್ನ ಬೇಡಿಕೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ 2012ರಲ್ಲಿ ಡಗ್ ಪೌಲಿ ಎಂಬುವರು ಗಾಲಿಕುರ್ಚಿಯಲ್ಲಿ ಲೀಡ್ಸ್‌ಗೆ ಹೋಗುವ ಬಸ್ಸನ್ನು ಹತ್ತಲು ಬಂದಾಗ, ಗಾಲಿಕುರ್ಚಿಯ ಜಾಗದಲ್ಲಿ ಮಗು ಮಲಗಿದ್ದ ಗಾಡಿಯೊಂದಿತ್ತು. ಗಾಡಿಯನ್ನು ಮಡಚಲು ಬರುವುದಿಲ್ಲ ಎಂದು ಆ ತಾಯಿ ಹೇಳಿದ್ದರಿಂದ ಪೌಲಿಯವರು ಬಸ್ಸು ಬಿಟ್ಟು ಉಳಿಯಬೇಕಾಯಿತು. ಆ ಪ್ರಕರಣ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರ ಜನವರಿಯಲ್ಲಿ ತೀರ್ಪು ಬಂತು: ಜಾಗ ಬಿಡಿ ಎಂದು ಚಾಲಕರು ಸುಮ್ಮನೆ ಕೇಳಿ ಬಿಟ್ಟುಬಿಟ್ಟರೆ ಸಾಲದು, ನಿರಾಕರಣೆ ನ್ಯಾಯವಲ್ಲವೆನಿಸಿದರೆ ಇನ್ನೂ ಮುಂದಿನ ಹೆಜ್ಜೆ ಇಡಬೇಕು. ಇದನ್ನು ಓದಿದಾಗ ನಾನು ಆ ತಾಯಿಯ ಜಾಗದಲ್ಲೂ ನಿಂತು ನೋಡಿದೆ, ಪೌಲಿಯವರ ಜಾಗದಲ್ಲೂ ನಿಂತು ನೋಡಿದೆ. ನಮ್ಮ ಬಸ್ಸುಗಳಲ್ಲಿ ಮುಂದೆ ಎಂದಾದರೂ ಅಂಥ ಜಾಗ ಬಂದರೆ ಗಾಲಿಕುರ್ಚಿಯವರಿಗೇ ಮೊದಲ ಹಕ್ಕು, ಗಾಡಿಯನ್ನು ಮಡಚಬೇಕಾದವರು ನಾವೇ, ಇದರಲ್ಲಿ ನನಗೆ ಎರಡು ಮಾತಿಲ್ಲ. ಮಡಚಲು ಒಂದು ಕೈ ನೆರವು ಬೇಕು, ಅಷ್ಟೇ.

ಹಾಗಾದರೆ ತಮ್ಮಲ್ಲಿ ನಾನು ಕೇಳುವುದೇನು? ಎಲ್ಲಕ್ಕಿಂತ ಮೊದಲನೆಯದು ಹಣ ಬೇಡದ ಕೆಲಸ. ಎಳೆ ಮಗುವಿರುವವರು ಹತ್ತುವಾಗ ನಿರ್ವಾಹಕರು ಬಾಗಿಲ ಬಳಿ ಬರಬೇಕು, ತಾಯಿ ಮತ್ತು ಮಗು ಇಬ್ಬರೂ ಒಳಗಿದ್ದಾರೆ, ಕೂತಿದ್ದಾರೆ ಎಂದು ಕಣ್ಣಿಂದ ನೋಡಿದ ಮೇಲೆಯೇ ಸೀಟಿ ಹೊಡೆಯಬೇಕು. ಚಾಲಕರೇ ನಿರ್ವಾಹಕರೂ ಆಗಿರುವ ಬಸ್ಸುಗಳಲ್ಲಿ ಅವರು ಹಿಂತಿರುಗಿ ನೋಡಿ ಹೊರಡಬೇಕು. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಯಾರಾದರೂ ಗಾಡಿ ಹಿಡಿದುಕೊಂಡರೆ ನಾನು ಹತ್ತಿ ಕೂರಲು ಅರ್ಧ ನಿಮಿಷ ಸಾಕು, ಯಾರೂ ಹಿಡಿಯದಿದ್ದರೆ ಎರಡು ನಿಮಿಷ ಮೀರುತ್ತದೆ. ಆದ್ದರಿಂದ ನೆರವಾದರೆ ಬಸ್ಸಿನ ಸಮಯವೂ ಉಳಿಯುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳದೆ ಲಿಖಿತ ಸೂಚನೆಯಾಗಿ ಹೊರಡಿಸಿ, ಪ್ರತಿ ಡಿಪೋದಲ್ಲಿ, ಖಾಸಗಿ ಬಸ್ಸುಗಳ ಪ್ರತಿ ಕಚೇರಿಯಲ್ಲಿ ಗೋಡೆಗೆ ಹಚ್ಚಿಸಬೇಕು. ಅರ್ಧ ನಿಮಿಷ ತಡವಾದದ್ದಕ್ಕೆ ಸಿಬ್ಬಂದಿಯನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬ ಸಾಲೂ ಅದೇ ಸೂಚನೆಯಲ್ಲಿ ಇರಬೇಕು, ಏಕೆಂದರೆ ಆ ಭಯ ಹೋಗದೆ ಮೊದಲನೆಯದು ನಡೆಯುವುದಿಲ್ಲ.

ಮಗುವನ್ನು ಕರೆದುಕೊಂಡು ಬಂದವರ ಮಡಚಿದ ಗಾಡಿಗೆ ಲಗೇಜ್ ಹಣ ತೆಗೆದುಕೊಳ್ಳಬಾರದು, ಅದರ ಕಾರಣಕ್ಕೆ ಹತ್ತಿಸುವುದಿಲ್ಲ ಎನ್ನಬಾರದು. ಆರು ವರ್ಷದೊಳಗಿನ ಮಗುವಿಗೇ ಟಿಕೆಟ್ ಕೇಳುವುದಿಲ್ಲವೆಂದ ಮೇಲೆ ಅದು ಕೂರುವ ಗಾಡಿಗೆ ಕೇಳುವುದು ಯಾವ ನ್ಯಾಯ? ಡಿಕ್ಕಿ ಇರುವ ಬಸ್ಸಾದರೆ ಡಿಕ್ಕಿ, ಇಲ್ಲದಿದ್ದರೆ ಚಾಲಕರ ಹಿಂದಿನ ಜಾಗ, ಎಲ್ಲಿ ಇಡಬೇಕೆಂಬುದನ್ನು ಸೂಚನೆಯಲ್ಲೇ ತಿಳಿಸಿದರೆ ಜಗಳ ಉಳಿಯುವುದಿಲ್ಲ. ಬಾಗಿಲಿನ ಹತ್ತಿರದ ಒಂದು ಸೀಟಿನ ಮೇಲೆ ಎಳೆ ಮಗುವಿನ ತಾಯಿಗೆ ಎಂದು ಬರೆಸಿ. ಹೊಸ ಬಸ್ಸುಗಳನ್ನು ಜಿಲ್ಲೆಗೆ ತರುವಾಗ ಬಾಗಿಲಿನ ಕೆಳಗೆ ಹೊರಗೆಳೆದು ಬಿಡಿಸುವಂಥ ಒಂದು ಹೆಚ್ಚಿನ ಮೆಟ್ಟಿಲು, ಎರಡೂ ಬದಿಗೆ ಕೈಹಿಡಿ ಇರುವಂತೆ ನೋಡಿಕೊಳ್ಳಿ. ಈಗಿರುವ ಬಸ್ಸುಗಳಿಗೆ ಒಂದು ಗಟ್ಟಿಯಾದ ಮರದ ಮಣೆಯನ್ನಾದರೂ ನಿಲ್ದಾಣದಲ್ಲಿ ಇಡಬಹುದು. ಸಣ್ಣ ಮಾತೆನಿಸಬಹುದು, ಆದರೆ ಆ ದಿನ ಒಂದು ಮಣೆ ಇದ್ದಿದ್ದರೆ ನಾನು ಮಗುವನ್ನೂ ಗಾಡಿಯನ್ನೂ ಒಟ್ಟಿಗೆ ಹತ್ತಿಸುತ್ತಿದ್ದೆ.

ನಿಲ್ದಾಣಗಳ ಇಳಿಜಾರುಗಳಿಗೆ ಅಡ್ಡವಾಗಿ ವಾಹನ ನಿಲ್ಲಿಸದಂತೆ ಮಾಡುವುದಕ್ಕೂ, ಹಾಲೂಡಿಸುವ ಕೊಠಡಿಯ ಬೀಗದ ಕೈಯನ್ನು ವಿಚಾರಣೆ ಕೌಂಟರಿನಲ್ಲಿ ಇಡುವುದಕ್ಕೂ ಹೊಸ ಯೋಜನೆ ಬೇಕಾಗಿಲ್ಲ. ತಂಗುದಾಣಗಳಿಗೆ ಗಾಳಿಯ ಕಡೆಗೊಂದು ಗೋಡೆ ಕಟ್ಟಿಸುವ ಕೆಲಸವನ್ನು ಆಯಾ ಪಂಚಾಯಿತಿಗಳು ಮಾಡಬಹುದು. ಶಾಸಕರೂ ಇತರ ಜನಪ್ರತಿನಿಧಿಗಳೂ ಇದಕ್ಕೆ ಮನಸ್ಸು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಿಯಮ ರೂಪಿಸುವ ಮೊದಲು ತಾಯಂದಿರನ್ನೂ ಗಾಲಿಕುರ್ಚಿ ಬಳಸುವವರನ್ನೂ ಒಂದು ಸಲ ಕರೆದು ಕೇಳಿ. ಕರೆದರೆ ನಾನು ಬರುತ್ತೇನೆ, ಲೈನ್ ಮನೆಗಳ ಇಬ್ಬರು ಮೂವರು ತಾಯಂದಿರನ್ನೂ ಕರೆತರುತ್ತೇನೆ. ಆ ಬಸ್ಸಿನ ನಿರ್ವಾಹಕರಂಥವರನ್ನೂ ಆ ಸಭೆಗೆ ಕರೆಯಬೇಕು. ಅವರು ಏನೆನ್ನುತ್ತಾರೆ ಎಂದು ಕೇಳಲು ನನಗೆ ನಿಜವಾಗಿಯೂ ಮನಸ್ಸಿದೆ.

ನನ್ನ ಮಗಳಿಗೆ ಈಗ ಹದಿನೈದು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾಳೆ, ಎರಡೂ ಪಾದ ನೆಲಕ್ಕೆ ಸರಿಯಾಗಿ ಊರುತ್ತವೆ. ಬೂಟುಗಳು ಈಗ ರಾತ್ರಿಗೆ ಮಾತ್ರ. ಆಸ್ಪತ್ರೆಯ ಮುಂದಿನ ತಪಾಸಣೆ ಜೂನ್ ತಿಂಗಳ ಮೂರನೆಯ ವಾರದಲ್ಲಿದೆ, ಅಷ್ಟು ಹೊತ್ತಿಗೆ ಮಳೆ ಹಿಡಿದಿರುತ್ತದೆ. ಉಳಿದದ್ದೆಲ್ಲ ಆಗಲು ಕಾಲ ಬೇಕೆಂಬುದನ್ನು ನಾನು ಬಲ್ಲೆ. ಬಾಗಿಲ ಬಳಿಯ ಆ ಅರ್ಧ ನಿಮಿಷದ ಸೂಚನೆಯನ್ನು ಮಾತ್ರ ದಯವಿಟ್ಟು ಮಳೆಗೆ ಮೊದಲು ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ಮೂರ್ನಾಡು ಸಮೀಪ, ಕೊಡಗು